ನಲವತ್ತನೇ ನಿಮಿಷಕ್ಕೆ ಬೈಕು ಬಾಯಿಬಿಡುತ್ತದೆ

ಹತ್ತು ನಿಮಿಷದ ಟೆಸ್ಟ್ ರೈಡ್ ನಂಬಿ ನಾನೊಮ್ಮೆ ಕೆಟ್ಟೆ. ಬಹಳ ವರ್ಷದ ಹಿಂದಿನ ಮಾತು. 600 ಸಿಸಿಯ, ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಬೈಕು. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು, ಎಂಜಿನ್ನಿನ ಕೂಗು ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಹೂಂ ಅಂದುಬಿಟ್ಟೆ. ಗಾಡಿ ಕೆಟ್ಟದ್ದೇನಲ್ಲ, ನನ್ನ ಮೈಗೆ ಹೇಳಿದ್ದಲ್ಲ ಅಷ್ಟೇ. ಎಂಟು ತಿಂಗಳು ಮಣಿಕಟ್ಟಿನ ನೋವು ನುಂಗಿಕೊಂಡು ಓಡಿಸಿದೆ. ಎರಡು ಗಂಟೆಯ ದಾರಿ ಅಂದರೆ ಕೀಲಿ ಕೈಗೆತ್ತಿಕೊಳ್ಳಲು ಮನಸ್ಸು ಬಾರದ ಸ್ಥಿತಿ ಬಂದಾಗ ಮಾರಿದೆ.

ಆವತ್ತಿನಿಂದ ಐವತ್ತು ನಿಮಿಷಕ್ಕಿಂತ ಕಡಿಮೆ ಕೊಡುವುದಾದರೆ ನನಗೆ ಟೆಸ್ಟ್ ರೈಡೇ ಬೇಡ. ಮತ್ತೆ ದೊಡ್ಡ ಗಾಡಿಯ ಆಸೆ ಹತ್ತಿ ಹುಡುಕಲು ಹೊರಟಾಗ ಎರಡನ್ನು ಒಂದೇ ವಾರದಲ್ಲಿ, ಒಂದೇ ದಾರಿಯಲ್ಲಿ ಓಡಿಸಿದೆ. ಒಂದು 1000 ಸಿಸಿಯ ಅಪ್ಪಟ ಸೂಪರ್‌ಸ್ಪೋರ್ಟ್, ಅಂದರೆ ರೇಸಿನ ಗಾಡಿಯ ಹಾಗೆ ಮುಂದಕ್ಕೆ ಬಾಗಿ ಕೂರಬೇಕಾದದ್ದು. ಇನ್ನೊಂದು ಸುಜುಕಿ ಹಯಾಬುಸಾ, 2021ರಲ್ಲಿ ಬಂದ ಮೂರನೇ ತಲೆಮಾರಿನದು. 1340 ಸಿಸಿ, 190 ಪಿಎಸ್ ಶಕ್ತಿ, 150 ನ್ಯೂಟನ್ ಮೀಟರ್ ಟಾರ್ಕ್. 1999ರಲ್ಲಿ ಮೊದಲ ಹಯಾಬುಸಾ ಬಂದಾಗಿನಿಂದ ಜನ ಅದರ ವೇಗದ ಬಗ್ಗೆಯೇ ಮಾತಾಡುತ್ತಾರೆ. ನನಗೆ ತಿಳಿಯಬೇಕಿದ್ದದ್ದು ಬೇರೆ: ಇದರ ಮೇಲೆ ಮಧ್ಯಾಹ್ನದವರೆಗೆ ಕೂತರೆ ಇಳಿಯುವಾಗ ಸೊಂಟ ನೆಟ್ಟಗಿರುತ್ತದಾ?

ಹೊರಡುವ ಮೊದಲು ಗಾಡಿಯನ್ನು ನನ್ನ ಅಳತೆಗೆ ತಂದುಕೊಳ್ಳುತ್ತೇನೆ. ಬೇರೆಯವರ ಮೈಗೆ ಹೊಂದಿಸಿಟ್ಟ ಬೈಕಿನ ಮೇಲೆ ಕೂತು ಇದು ಕಷ್ಟ, ಅದು ಸರಿಯಿಲ್ಲ ಅನ್ನುವುದು ಅನ್ಯಾಯ. ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, ಹ್ಯಾಂಡಲ್ ಹಿಡಿದು ಬೆರಳು ಚಾಚುತ್ತೇನೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ಸೂಪರ್‌ಸ್ಪೋರ್ಟಿನಲ್ಲಿ ಕ್ಲಚ್ ಲಿವರ್ ಎಷ್ಟು ಮೇಲಿತ್ತೆಂದರೆ, ಬೆರಳಿಟ್ಟರೆ ಅಂಗೈ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಬೋಲ್ಟ್ ಸಡಿಲಿಸಿ ಒಂದು ಹೆಬ್ಬೆರಳ ದಪ್ಪದಷ್ಟು ಕೆಳಕ್ಕೆ ತಿರುಗಿಸಿದರು. ಎರಡು ನಿಮಿಷದ ಕೆಲಸ. ಅದನ್ನು ಮಾಡಿಸದೆ ಹೊರಟಿದ್ದರೆ ಲಿವರಿನ ತಪ್ಪನ್ನು ಹ್ಯಾಂಡಲ್ ಮೇಲೆ ಹೊರಿಸುತ್ತಿದ್ದೆ.

ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ನನ್ನವೇ ಇರಬೇಕು. ಮೊಣಕಾಲಿನ ರಕ್ಷಾಕವಚ ಸೇರಿದರೆ ಕಾಲು ಮಡಚುವ ಲೆಕ್ಕ ಬದಲಾಗುತ್ತದೆ, ದಪ್ಪ ಬೂಟಿಗೆ ಗೇರ್ ಲಿವರ್ ಸಿಗುವ ರೀತಿಯೂ ಬೇರೆ. ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ನೋಡಿಸುತ್ತೇನೆ. ಹಯಾಬುಸಾಗೆ ಮುಂದೆ ಹಿಂದೆ ಎರಡಕ್ಕೂ 42 ಪಿಎಸ್‌ಐ. ಗಾಳಿ ಹೆಚ್ಚಾಗಿದ್ದರೆ ಎಷ್ಟು ಒಳ್ಳೆಯ ಸಸ್ಪೆನ್ಷನ್ ಇದ್ದರೂ ಗಾಡಿ ಕುಕ್ಕುತ್ತದೆ.

ಹೊರಟ ಮೇಲೆ ಮೊದಲ ಕಾಲು ಗಂಟೆ ಬೇಕೆಂದೇ ನಿಧಾನ, 30ರಿಂದ 40ರೊಳಗೆ. ಶಕ್ತಿಯ ಗಾಡಿ ಸಿಕ್ಕವರೆಲ್ಲ ಖಾಲಿ ರಸ್ತೆ ಹುಡುಕಿಕೊಂಡು ಹೋಗುತ್ತಾರೆ, ಅಲ್ಲೇ ಲೆಕ್ಕ ತಪ್ಪುವುದು. ಸ್ಪೋರ್ಟ್ಸ್ ಬೈಕಿನಲ್ಲಿ ಎದೆ ಮುಂದಕ್ಕೆ ಬಾಗಿರುತ್ತದೆ. ವೇಗ ಇದ್ದಾಗ ಎದುರುಗಾಳಿ ಆ ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ 50ರಲ್ಲಿ ಇದ್ದದ್ದು 100ಕ್ಕೆ ಹೋದಾಗ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಎಂಥ ಬೈಕೂ ಹಿತವೇ. ವೇಗ ಇಳಿದರೆ ಆ ಆಸರೆ ಹೋಗಿ ಮೈಭಾರ ಅಂಗೈ ಮೇಲೆ ಬೀಳುತ್ತದೆ. ನಾವು ದಿನಾ ಓಡಿಸುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಇಂಥದ್ದೇ.

ಭಾರ ಕೈಮೇಲೆ ಇದೆಯೋ ಇಲ್ಲವೋ ನೋಡಲು ನನಗೊಂದು ಸುಲಭದ ದಾರಿಯಿದೆ. ನೇರ ರಸ್ತೆಯಲ್ಲಿ ಹ್ಯಾಂಡಲ್ ಬಿಡದೆ, ಕೋಳಿ ರೆಕ್ಕೆ ಬಡಿದ ಹಾಗೆ ಮೊಣಕೈಗಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತೇನೆ. ಸಲೀಸಾಗಿ ಆಡಿದರೆ ಕೈ ಬರೀ ಹಿಡಿಯುತ್ತಿದೆ ಅಂತ. ಆಡದೆ ಬಿಗಿದುಕೊಂಡರೆ ಕೈ ಮೈಯನ್ನು ಹೊರುತ್ತಿದೆ. ಆಗ ಮೊದಲು ನನ್ನನ್ನೇ ತಿದ್ದಿಕೊಳ್ಳುತ್ತೇನೆ: ತೊಡೆಯಿಂದ ಟ್ಯಾಂಕು ಬಿಗಿಹಿಡಿದು, ಸೀಟಿನಲ್ಲಿ ನಾಲ್ಕು ಬೆರಳಷ್ಟು ಹಿಂದೆ ಸರಿದು, ಹೊಟ್ಟೆಯ ಸ್ನಾಯುವಿನ ಬಲದಿಂದ ಬೆನ್ನನ್ನು ಎತ್ತಿ ಹಿಡಿಯುವುದು. ಅಷ್ಟು ಮಾಡಿಯೂ ಮೊಣಕೈ ಸಡಿಲವಾಗದಿದ್ದರೆ ಹ್ಯಾಂಡಲ್ ನನ್ನಿಂದ ದೂರ ಇದೆ ಎಂದೇ ಅರ್ಥ.

ಸೂಪರ್‌ಸ್ಪೋರ್ಟಿನ ಮೇಲೆ ನಲವತ್ತನೇ ನಿಮಿಷದ ಹೊತ್ತಿಗೆ ಎಡಗೈಯ ಕಿರುಬೆರಳಿಗೆ ಜೋಮು ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಉಂಗುರ ಬೆರಳಿಗೂ ಬಂತು. ರಸ್ತೆ ಬದಿಗೆ ನಿಲ್ಲಿಸಿ ಗ್ಲೌಸ್ ತೆಗೆದೆ. ಅಂಗೈಯ ಬುಡದಲ್ಲಿ, ಕಿರುಬೆರಳ ಕಡೆಗೆ, ರಬ್ಬರ್ ಹಿಡಿಯ ಗೆರೆಗಳು ಅಚ್ಚೊತ್ತಿದ ಹಾಗೆ ಕೆಂಪಗೆ ಮೂಡಿದ್ದವು. ಯಾವ ಬೆರಳು ಮರಗಟ್ಟಿತು ಎನ್ನುವುದರಲ್ಲೇ ಉತ್ತರ ಇರುತ್ತದೆ. ಕಿರುಬೆರಳು, ಉಂಗುರ ಬೆರಳು ಮರಗಟ್ಟಿದರೆ ಅಂಗೈಯ ಆ ಅಂಚಿನಲ್ಲಿ ಹೋಗುವ ನರದ ಮೇಲೆ ಭಾರ ಬಿದ್ದಿದೆ ಎಂದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿದರೆ ಮಣಿಕಟ್ಟು ಮಡಚಿಕೊಂಡು ನಡುವಿನ ನರ ಹಿಸುಕಿದೆ ಎಂದು. ಎರಡನೆಯದನ್ನು ಬಹಳ ಸಲ ಲಿವರ್ ಇಳಿಸಿ ಸರಿಮಾಡಬಹುದು. ನನ್ನದು ಮೊದಲನೆಯದು. ಟ್ಯಾಂಕ್ ಬಿಗಿಹಿಡಿದಿದ್ದೆ, ಹಿಂದೆಯೂ ಸರಿದಿದ್ದೆ. ಇನ್ನು ಆ ಹ್ಯಾಂಡಲ್ಲಿಗೂ ನನ್ನ ಬೆನ್ನಿಗೂ ಕೂಡಿಬರುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ಹತ್ತು ನಿಮಿಷದಲ್ಲಿ ವಾಪಸ್ ಬಂದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಸಸ್ಪೆನ್ಷನ್ ವಿಷಯದಲ್ಲಿ ಮಾತ್ರ ಆ ಗಾಡಿಗೆ ನ್ಯಾಯ ಸಲ್ಲಬೇಕು. ಹೊರಡುವಾಗ ಮುಂದಿನ ಫೋರ್ಕಿನ, ಅಂದರೆ ಮುಂಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ನಿನ, ಹೊಳೆಯುವ ಕೊಳವೆಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಬಿಗಿದು, ಮೇಲಿನ ಸೀಲಿಗೆ ತಾಗುವಂತೆ ಇಟ್ಟಿದ್ದೆ. ಫೋರ್ಕ್ ಕುಗ್ಗಿದಷ್ಟೂ ಟೈ ಕೆಳಗೆ ಜಾರಿ ಅಲ್ಲೇ ನಿಲ್ಲುತ್ತದೆ, ಇಳಿದ ಮೇಲೆ ಸ್ಕೇಲಿನಲ್ಲಿ ಅಳೆಯುವುದು. ಇಂಥ ಬೈಕಿನ ಫೋರ್ಕ್ ಒಟ್ಟು ಸುಮಾರು 120 ಮಿ.ಮೀ. ಆಡುತ್ತದೆ. ಹಾಳುಬಿದ್ದ ರಸ್ತೆಯಲ್ಲಿ ಹಲ್ಲು ಕಟಕಟಿಸುವ ಹಾಗೆ ಕುಲುಕಿಸಿಕೊಂಡು ಬಂದು ನೋಡಿದರೆ ಟೈ ಜಾರಿದ್ದು ಬರೀ 60 ಮಿ.ಮೀ. ಅರ್ಧ ಫೋರ್ಕ್ ಕೆಲಸವನ್ನೇ ಮಾಡಿಲ್ಲ! ಯಾರೋ ಟ್ರ್ಯಾಕಿಗೆಂದು ಬಿಗಿ ಮಾಡಿಟ್ಟಿದ್ದರು. ಫೋರ್ಕ್ ಕುಗ್ಗುವುದನ್ನು ತಡೆದು ನಿಧಾನಿಸುವ ಕಂಪ್ರೆಷನ್ ಡ್ಯಾಂಪಿಂಗನ್ನು ನಾಲ್ಕು ಕ್ಲಿಕ್ ಸಡಿಲಿಸಿ, ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರೀಲೋಡನ್ನು ತುಸು ಇಳಿಸಿ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಹೋದೆ. 85ಕ್ಕೆ ಬಂತು. ಗುಂಡಿಯ ಏಟು ಭುಜಕ್ಕೆ ಬರುತ್ತಿದ್ದದ್ದು ಅಂಗೈಯಲ್ಲೇ ನಿಂತಿತು. ಸ್ಪೋರ್ಟ್ಸ್ ಬೈಕೆಂದರೆ ಕುಕ್ಕಲೇಬೇಕು ಎನ್ನುವ ಮಾತನ್ನು ಆಮೇಲೆ ನಾನು ಒಪ್ಪಿಲ್ಲ. ಸವಾರ ಕೂತಾಗ ಸಸ್ಪೆನ್ಷನ್ ಅದರ ಒಟ್ಟು ಆಟದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಇಳಿಯಬೇಕು. ಅದನ್ನು ನೋಡದೆ ಬೈಕು ಗಡುಸು ಎಂದು ಬರೆದವರ ಮಾತಿಗೆ ನಾನು ತೂಕ ಕೊಡುವುದಿಲ್ಲ.

ಇನ್ನು ಹಯಾಬುಸಾ. ಮೈತೂಕ 264 ಕಿಲೋ, ನಿಂತಲ್ಲಿ ಅದು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಇಳಿಜಾರಿರುವ ಜಾಗದಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಕೂತುಕೊಂಡೇ ಕಾಲಿಂದ ಹಿಂದಕ್ಕೆ ತಳ್ಳಲು ನೋಡಿದೆ, ಜಗ್ಗಲಿಲ್ಲ. ಇಳಿದು ನಿಂತು ತಳ್ಳಬೇಕಾಯಿತು. ಸೀಟಿನ ಎತ್ತರ 800 ಮಿ.ಮೀ. ಆದ್ದರಿಂದ ಎರಡೂ ಪಾದ ಗಟ್ಟಿಯಾಗಿ ನೆಲಕ್ಕೆ ಸಿಗುತ್ತವೆ, ಆ ತೂಕಕ್ಕೆ ಅದೊಂದೇ ಸಮಾಧಾನ. ಉರುಳತೊಡಗಿದ ಮೇಲೆ ಮಾತ್ರ ಆ ಭಾರ ಎಲ್ಲಿ ಹೋಯಿತೋ! ಉಬ್ಬುತಗ್ಗಿನಲ್ಲಿ ಅದೇ ತೂಕ ಗಾಡಿಯನ್ನು ತೂರಾಡದಂತೆ ಹಿಡಿದಿಡುತ್ತದೆ.

ಈ ಮಾದರಿಯಲ್ಲಿ ಹ್ಯಾಂಡಲ್ ಹಿಂದಿನದಕ್ಕಿಂತ 12 ಮಿ.ಮೀ. ಸವಾರನ ಕಡೆಗೆ ಬಂದಿದೆ. ಕಾಗದದ ಮೇಲೆ ಅದು ಒಂದು ಬೆರಳ ಅಗಲವೂ ಅಲ್ಲ. ಆದರೆ ನಲವತ್ತನೇ ನಿಮಿಷಕ್ಕೆ ನನ್ನ ಮೊಣಕೈಗಳು ಇನ್ನೂ ಆಡುತ್ತಿದ್ದವು, ಬೆರಳುಗಳಲ್ಲಿ ಜೋಮಿರಲಿಲ್ಲ. ಬಾಗುವುದು ಬಾಗಲೇಬೇಕು, ಇದು ಟೂರಿಂಗ್ ಬೈಕಲ್ಲ. ಮೊಣಕಾಲು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಮಡಚುತ್ತದೆ. ಐವತ್ತನೇ ನಿಮಿಷಕ್ಕೆ ಬಲಗಾಲನ್ನು ಒಮ್ಮೆ ಕಾಲಿಡುವ ಪೆಗ್ಗಿನಿಂದ ತೆಗೆದು ಚಾಚಬೇಕೆನಿಸಿತು.

ಹಿತ ಎನ್ನುವುದರಲ್ಲಿ ಥ್ರಾಟಲನ್ನೂ ಸೇರಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಜನಜಂಗುಳಿಯಲ್ಲಿ ಒಂದನೇ ಗೇರಿನಲ್ಲಿ ಕೈ ಬಿಟ್ಟು ಮತ್ತೆ ಕೊಟ್ಟಾಗ ಗಾಡಿ ಜಗ್ಗಿ ಬಿಟ್ಟರೆ, ಪ್ರತಿ ಸಲವೂ ಕತ್ತು ಒಂದಿಷ್ಟು ಬಿಗಿಯುತ್ತದೆ. ಅರ್ಧ ಗಂಟೆಯಲ್ಲಿ ಅದೇ ತಲೆನೋವು. ಹಯಾಬುಸಾದಲ್ಲಿ ಎ, ಬಿ, ಸಿ ಎಂದು ಮೂರು ಮೋಡ್‌ಗಳಿವೆ. ಎ ಎಂದರೆ ಆಕ್ಟಿವ್, ಬಿ ಬೇಸಿಕ್, ಸಿ ಕಂಫರ್ಟ್. ಶಕ್ತಿ ಕಡಿಮೆ ಮಾಡುವ ಸಿ ಮೋಡ್ ಯಾರಿಗೆ ಬೇಕು ಎಂದುಕೊಂಡಿದ್ದ ನನಗೆ ಟ್ರಾಫಿಕ್ಕಿನಲ್ಲಿ ಅದೇ ಅಚ್ಚುಮೆಚ್ಚಾಯಿತು. ಸಿಗ್ನಲಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ. ಇಷ್ಟು ದೊಡ್ಡ ಎಂಜಿನ್ ಯಾವುದಾದರೂ ಹಾಗೆಯೇ, ಬಿಸಿ ಹೊತ್ತಿನಲ್ಲಿ ಓಡಿಸಿ ನೋಡಿಯೇ ಒಪ್ಪಬೇಕು.

ಗಾಳಿಯ ಸದ್ದು ಬೇರೆಯೇ ದಣಿವು. 100 ದಾಟಿದರೆ ಹೆಲ್ಮೆಟ್ಟಿನೊಳಗೆ ಸದ್ದು 90 ಡೆಸಿಬೆಲ್ ಮೀರುತ್ತದೆ, ಹಾಗಾಗಿ ಇಯರ್‌ಪ್ಲಗ್ ಇಲ್ಲದೆ ನಾನು ಹೆದ್ದಾರಿ ಹತ್ತುವುದಿಲ್ಲ. ತಲೆಯನ್ನು ಒಂದು ಗೇಣು ತಗ್ಗಿಸಿದಾಗ ಭೋರೆನ್ನುವುದು ನಿಂತರೆ ತಪ್ಪು ಹೆಲ್ಮೆಟ್ಟಿನದಲ್ಲ, ವಿಂಡ್‌ಸ್ಕ್ರೀನಿನ ಅಂಚಿನ ಗಾಳಿ ಬಂದು ತಲೆಗೇ ಬಡಿಯುತ್ತಿದೆ.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಮೈಯನ್ನು ಕೇಳುತ್ತೇನೆ. ಸೂಪರ್‌ಸ್ಪೋರ್ಟಿನ ಮರುದಿನ ಕತ್ತಿನ ಬುಡ ಹಿಡಿದಿತ್ತು, ಬಾಟಲಿ ಮುಚ್ಚಳ ತಿರುಗಿಸುವಾಗ ಮಣಿಕಟ್ಟು ಚುಳ್ ಎಂದಿತು. ಹಯಾಬುಸಾದ ಮರುದಿನ ತೊಡೆಯ ಒಳಗಡೆ ಮಾತ್ರ ನೋವು, ಟ್ಯಾಂಕ್ ಹಿಡಿದದ್ದರ ನೋವು. ಅದು ಅಭ್ಯಾಸದಿಂದ ಹೋಗುವಂಥದ್ದು.

ಹೂಂ ಅನ್ನುವ ಮೊದಲು ಇನ್ನೊಂದು ರೈಡ್ ಕೇಳಿ ಪಡೆದೆ, ಈ ಸಲ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು. ಹಿಂದಿನ ಸೀಟು ಎತ್ತರ, ಅವಳ ಮೊಣಕಾಲು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ಮೂವತ್ತೈದನೇ ನಿಮಿಷಕ್ಕೆ ಭುಜ ತಟ್ಟಿದಳು. ನಿಲ್ಲಿಸಿದೆ. ಇಳಿದು ನಾಲ್ಕು ಹೆಜ್ಜೆ ನಡೆದು, ಕಾಲು ಕೊಡವಿ, ಗಾಡಿಯನ್ನೊಮ್ಮೆ ಸುತ್ತಿ ನೋಡಿ ಬಂದು ಹೇಳಿದಳು: “ಅರ್ಧ ಗಂಟೆಗೊಂದು ಸಲ ಹೀಗೆ ನಿಲ್ಲಿಸೋದಾದ್ರೆ ಬರ್ತೀನಿ.”