ಸೆಲೆರಿ ಸಾಲು ನೋಡಿ ಮದುವೆ ಹೇಳಿ: ಆಮಿಶ್ ಪ್ರೇಮಕಥೆ ಓದುವ ಬಗೆ

ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕದ ಪೆನ್ಸಿಲ್ವೇನಿಯದಲ್ಲಿದ್ದೆ. ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಎತ್ತಿಕೊಳ್ಳುವ ಪಾಳಿ ನನ್ನದು. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ಮಗಳು ಅಲ್ಲಿನ ಲೈಬ್ರರಿಯಿಂದ ತಂದುಕೊಟ್ಟದ್ದು ಆಮಿಶ್ ಪ್ರೇಮಕಥೆಗಳು. ಬೈಗುಳ ಇಲ್ಲ, ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತದೆ, ಕೊನೆಗೆ ಮದುವೆ ಆಗಿಯೇ ಆಗುತ್ತದೆ. ಆ ರಾತ್ರಿಗಳನ್ನು ಕಳೆಸಿದ್ದು ಈ ಪುಸ್ತಕಗಳೇ. ನಿಮಗೂ ಅಂಥದ್ದು ಬೇಕಿದ್ದರೆ ನಾನು ಕಲಿತದ್ದನ್ನು ಹೇಳುತ್ತೇನೆ.

ಆಮಿಶ್ ಜನ ಯಾರು ಅಂತ ಸ್ವಲ್ಪ ತಿಳಿದಿರಲಿ. 1693ರಲ್ಲಿ ಯೂರೋಪಿನಲ್ಲಿ ಯಾಕೋಬ್ ಅಮ್ಮನ್ ಎಂಬಾತನ ಹಿಂದೆ ಹೋಗಿ ಬೇರೆಯಾದ ಕ್ರೈಸ್ತ ಪಂಗಡ ಇದು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದರು. ಮನೆಗೆ ಕರೆಂಟಿನ ತಂತಿ ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಪೆನ್ಸಿಲ್ವೇನಿಯ ಡಚ್ ಅನ್ನುವ ಜರ್ಮನ್ ಮಾತು, ಶಾಲೆಯಲ್ಲಿ ಇಂಗ್ಲಿಷ್, ಪ್ರಾರ್ಥನೆಗೆ ಹಳೆಯ ಪುಸ್ತಕದ ಜರ್ಮನ್. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ಪೂಜೆಗೆ ಸಂಸ್ಕೃತ ಅಂತ ಶಿರಸಿಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪುಸ್ತಕ ತೆರೆದ ಕೂಡಲೇ ಒಂದು ವಿಷಯ ಹುಡುಕಿ: ಹುಡುಗಿಗೆ ದೀಕ್ಷಾಸ್ನಾನ, ಅಂದರೆ ಚರ್ಚಿಗೆ ಸೇರಿಸಿಕೊಳ್ಳುವ ವಿಧಿ, ಆಗಿದೆಯೋ ಇಲ್ಲವೋ. ಕಥೆ ನಿಂತಿರುವುದೇ ಅದರ ಮೇಲೆ. ಆಮಿಶರು ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ದೊಡ್ಡವರಾದ ಮೇಲೆ ತಾವೇ ಒಪ್ಪಿ ತೆಗೆದುಕೊಳ್ಳಬೇಕು. ಹದಿನಾರರ ಸುಮಾರಿಗೆ ಶುರುವಾಗುವ ‘ರುಮ್‌ಸ್ಪ್ರಿಂಗಾ’ ಅನ್ನುವ ಕಾಲದಲ್ಲಿ ಅವರು ಓರಗೆಯವರ ಜೊತೆ ಸುತ್ತಾಡುತ್ತಾರೆ, ಜೋಡಿ ಹುಡುಕುತ್ತಾರೆ. ಆಗ ಹುಡುಗಿ ಹೊರಗಿನವನನ್ನು ಮೆಚ್ಚಿ ಹೋದರೆ ಮನೆಯವರು ಅಳುತ್ತಾರೆ, ಆದರೆ ಬರುವುದು ಹೋಗುವುದು ಉಳಿಯುತ್ತದೆ. ದೀಕ್ಷೆ ತೆಗೆದುಕೊಂಡು ಆಮೇಲೆ ಬಿಟ್ಟು ಹೋದರೆ ಬಹಿಷ್ಕಾರ. ಹೆತ್ತವರ ಜೊತೆ ಒಂದೇ ಮೇಜಿನಲ್ಲಿ ಕೂತು ಉಣ್ಣುವುದಕ್ಕೂ ತಡೆ.

ಮನಸ್ಸು ತೀರಾ ದಣಿದಿರುವಾಗ ಬಹಿಷ್ಕಾರದ ಕಥೆ ಬೇಡ. 1997ರಲ್ಲಿ ಬಂದ ಬೆವರ್ಲಿ ಲೂಯಿಸ್ ಅವರ ‘ದ ಶನ್ನಿಂಗ್’ ಇಂಥ ಕಾದಂಬರಿಗಳಿಗೆ ದೊಡ್ಡ ಓದುಗ ಬಳಗ ತಂದ ಪುಸ್ತಕ. ಹೆಸರಿನ ಅರ್ಥವೇ ಬಹಿಷ್ಕಾರ. ಓದಿ, ಆದರೆ ಹಗಲು ಹೊತ್ತು ಓದಿ. ಶುರುವಿಗೆ ಹೆಂಡತಿ ತೀರಿಕೊಂಡ ರೈತ, ಅವನ ಮೂರು ಮಕ್ಕಳು, ಒಂದೇ ಕೋಣೆಯ ಶಾಲೆಗೆ ಬಂದ ಹೊಸ ಟೀಚರ್, ಇಂಥದ್ದನ್ನು ಆರಿಸಿ. ರಕ್ಷಾಪುಟದ ಹಿಂಬದಿ ಓದಿದರೆ ಸಾಕು, ಗೊತ್ತಾಗುತ್ತದೆ.

ಈಗ ಸೆಲೆರಿ. ಉದ್ದ ದಂಟಿನ, ನಮ್ಮ ಕೊತ್ತಂಬರಿಯ ಕುಟುಂಬಕ್ಕೇ ಸೇರಿದ ಸೊಪ್ಪು ಅದು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕಡೆ ಆಮಿಶರ ಮದುವೆಗಳು ಹೆಚ್ಚಾಗಿ ಕೊಯ್ಲು ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ಮಂಗಳವಾರ ಇಲ್ಲವೇ ಗುರುವಾರ ನಡೆಯುತ್ತವೆ. ಮದುವೆ ಊಟಕ್ಕೆ ಸೆಲೆರಿ ಬೇಕೇ ಬೇಕು. ಕೆನೆ ಹಾಕಿ ಬೇಯಿಸುತ್ತಾರೆ, ಹೂವಿನ ಬದಲು ಜಾಡಿಗಳಲ್ಲಿ ಮೇಜಿನ ಮೇಲೂ ಇಡುತ್ತಾರೆ. ಹಿಂದಿನಿಂದಲೂ ಹುಡುಗ ಹುಡುಗಿ ಒಪ್ಪಿಕೊಂಡ ಸಂಗತಿಯನ್ನು ಸಭೆಯಲ್ಲಿ ಸಾರುವ ತನಕ ಗುಟ್ಟಾಗಿಡುತ್ತಾರೆ. ಆದರೆ ಸೊಪ್ಪನ್ನು ಬೇಸಿಗೆಯಲ್ಲೇ ನೆಡಬೇಕಲ್ವಾ? ಹಾಗಾಗಿ ಕಥೆಯ ನಡುವೆ ‘ಅಮ್ಮ ಈ ಸಲ ಹಿತ್ತಲಲ್ಲಿ ಸೆಲೆರಿ ಜಾಸ್ತಿ ನೆಟ್ಟಳು’ ಅಂತ ಒಂದು ವಾಕ್ಯ ಬಂದರೆ ಅಲ್ಲೇ ನಿಲ್ಲಿ. ಮದುವೆ ನಿಶ್ಚಯವಾಗಿದೆ! ಮೊದಲ ಪುಸ್ತಕದಲ್ಲಿ ನನಗೆ ಇದು ತಿಳಿಯದೆ ದಾಟಿಹೋಗಿತ್ತು. ತಿಳಿದ ಮೇಲೆ ಹಿಂದೆ ಹೋಗಿ ಇಡೀ ಅಧ್ಯಾಯ ಮತ್ತೆ ಓದಿದೆ. ಅಮ್ಮನ ಒಂದೊಂದು ಮಾತೂ ಬೇರೆಯಾಗಿ ಕೇಳಿಸಿತು.

ಲೇಖಕರಿಗೆ ಆ ಬದುಕು ಎಷ್ಟು ಗೊತ್ತು ಅಂತ ನೋಡಲು ಗಾಡಿಯ ಬಣ್ಣ ನೋಡಿ. ಲ್ಯಾಂಕಾಸ್ಟರ್‌ನ ಕುದುರೆಗಾಡಿಗೆ ಬೂದು ಹೊದಿಕೆ, ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಕಪ್ಪು. ಊಟದ ಪ್ರಾರ್ಥನೆಯನ್ನೂ ಗಮನಿಸಿ. ಆಮಿಶರು ಊಟಕ್ಕೆ ಮೊದಲೂ ಆಮೇಲೂ ತಲೆ ತಗ್ಗಿಸಿ ಸುಮ್ನೆ ಕೂರುತ್ತಾರೆ, ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲ. ಪಾತ್ರಗಳು ಅಲ್ಲಿ ಉದ್ದುದ್ದ ಪ್ರಾರ್ಥನೆ ಹೇಳಿದರೆ ಅದು ಬರೆದವರ ಚರ್ಚಿನ ರೂಢಿ. ಯಾಕೆಂದರೆ ಇವನ್ನು ಬರೆಯುವವರಲ್ಲಿ ಬಹುಪಾಲು ಆಮಿಶರಲ್ಲ. ಲಿಂಡಾ ಬೈಲರ್ ಸ್ವತಃ ಆಮಿಶ್ ಹೆಂಗಸು. ಒಳಗಿನವರ ಬರಹ ಬೇಕೆಂದರೆ ಅವರದ್ದನ್ನು ಹುಡುಕಿ. ಇಲ್ಲಿಂದ ಇ-ಪುಸ್ತಕವಾಗಿ ಕೊಳ್ಳುವುದಾದರೆ ಉಚಿತವಾಗಿ ಸಿಗುವ ಮೊದಲ ಪುಟಗಳನ್ನು ಓದಿ ನೋಡಿ. ಸರಣಿಯಾದರೆ ಒಂದನೆಯದರಿಂದಲೇ ಶುರು ಮಾಡಿ. ಮೂರನೆಯದರಲ್ಲಿ ಮೊದಲ ಜೋಡಿಗೆ ಮಕ್ಕಳಾಗಿರುತ್ತವೆ.

ಓದುವಾಗ ಓಡಬೇಡಿ. ಕಾಕಂಬಿ ಹಾಕಿದ ಷೂಫ್ಲೈ ಪೈ ಬೇಯುವುದು, ಹತ್ತು ಹೆಂಗಸರು ಒಂದೇ ಚೌಕಟ್ಟಿನ ಸುತ್ತ ಕೂತು ಕೌದಿಯಂಥ ಕ್ವಿಲ್ಟ್ ಹೊಲಿಯುವುದು, ಸೋಮವಾರ ತಂತಿಯ ಮೇಲೆ ಒಗೆದ ಬಟ್ಟೆ ಹರವುವುದು, ನೆಮ್ಮದಿ ಸಿಗುವುದು ಇಲ್ಲೇ. ಇನ್ನೊಂದು ಮಾತು. ರಾತ್ರಿ ಅಧ್ಯಾಯ ಮುಗಿಸಿ ಮಲಗೋಣ ಅಂತ ಕಾಯಬೇಡಿ. ಅಧ್ಯಾಯದ ಕೊನೆಗೆ ಒಂದು ಕಾಗದ ಬರುತ್ತದೆ, ಇಲ್ಲವೇ ಯಾರೋ ಬಾಗಿಲು ತಟ್ಟುತ್ತಾರೆ. ನಿದ್ದೆ ಹಾರಿಹೋಗುತ್ತದೆ. ನಡುವೆ ಕಥೆಯ ಹುಡುಗಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿರುವಾಗಲೇ ಪುಸ್ತಕ ಮುಚ್ಚಿ, ದೀಪ ಆರಿಸಿ.