ನಟಭೈರವಕ್ಕೆ ಕಾರ್ಡ್ ಹುಡುಕಿದ್ದು

ಬೆಳಗಾವಿ ಟಿಳಕವಾಡಿಯ ನಮ್ಮ ಮನೆಗೆ ಅಕ್ಕನ ಮಗ ಗಿಟಾರ್ ತಗೊಂಡು ಬಂದಿದ್ದ. ನಾನು ಪೇಟಿಯಲ್ಲಿ (ಹಾರ್ಮೋನಿಯಂ) ನಟಭೈರವ ರಾಗ ಬಾರಿಸುತ್ತಿದ್ದೆ, ಬಿಳಿ 1 (ಮೊದಲ ಬಿಳಿ ಕೀ, ಗಿಟಾರಿನವರ ಸಿ) ಷಡ್ಜ. ಮಧ್ಯಮದ (ಗಿಟಾರಿನವರ ಎಫ್) ಮೇಲೆ ನಿಂತಾಗ ಅವನು ಎಫ್ ಮೇಜರ್ ಕಾರ್ಡ್ (ಒಟ್ಟಿಗೆ ಬಾರಿಸುವ ಮೂರು ಸ್ವರ) ಹಿಡಿದ. ಮುಂದೆ ನಾನು ಧ ಮುಟ್ಟಿದ್ದೇ ತಡ, ಇಬ್ಬರಿಗೂ ಕಿವಿ ಮುಚ್ಚಿಕೊಳ್ಳುವಂತಾಯಿತು. "ಕಾರ್ಡ್ ಸರಿ ಐತಲ್ರಿ ಮಾಮಾ, ಮತ್ಯಾಕ ಹಿಂಗ?" ಅಂದ. ಎಷ್ಟೋ ವರ್ಷದಿಂದ ಬಾರಿಸುವ ರಾಗ, ಆದರೂ ನನ್ನಲ್ಲಿ ಉತ್ತರ ಇರಲಿಲ್ಲ. ವಿಜಾಪುರೆ ಮಾಸ್ತರರು ಪೇಟಿ ಕಲಿಸಿದ ಊರು ನಮ್ಮದು. ಇಲ್ಲಿ ಸ್ವರ ಬೆರಳಿಗೆ ಗೊತ್ತಿರುತ್ತದೆ, ಕಾರ್ಡ್ ಯಾರೂ ಕೇಳುವುದಿಲ್ಲ.

ರಾತ್ರಿ ಪೇಟಿ ಮುಂದೆ ವಹಿ ಇಟ್ಟುಕೊಂಡು ಕೂತೆ.

ಈ ರಾಗದಲ್ಲಿ ಧ ಒಂದೇ ಕೋಮಲ (ಶುದ್ಧಕ್ಕಿಂತ ಒಂದು ಕೀ ಕೆಳಗೆ), ಉಳಿದ ಆರೂ ಶುದ್ಧ. ಅಂದರೆ ಆರು ಬಿಳಿ ಕೀ, ಜೊತೆಗೆ ಕರಿ 4 (ನಾಲ್ಕನೇ ಕರಿ ಕೀ). ಕೆಳಗಿನ ಅರ್ಧ ನಟ, ಮೇಲಿನ ಅರ್ಧ ಭೈರವ. ಕರ್ನಾಟಕಿಯಲ್ಲಿ ಇದೇ ಸ್ವರಗಳು 27ನೇ ಮೇಳ (ಮೂಲ ರಾಗ) ಸರಸಾಂಗಿ. ಅಲ್ಲಿನ ನಠಭೈರವಿ ಬೇರೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಕರಿ-ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಸಾ ಇಂದ ಮೇಲಿನ ಸಾ ತನಕ ಅಂತರಗಳು 2, 2, 1, 2, 1, 3, 1. ಆ ಮೂರು ಇದೆಯಲ್ವಾ, ಕೋಮಲ ಧ ಇಂದ ನಿ ಗೆ ಹಾರುವ ಜಾಗ, ರಾಗದ ಜೀವ ಅಲ್ಲೇ ಇದೆ.

ಕಾರ್ಡ್ ಅಂದರೆ ಒಂದು ಸ್ವರ ಬಿಟ್ಟು ಒಂದು ಹಿಡಿಯೋದು. ಹಾಗೆ ಏಳೂ ಸ್ವರದ ಮೇಲೆ ಹಿಡಿದು ನೋಡಿದೆ. ಸಾ, ಗ, ಪ, ನಿ ಮೇಲಿನ ಕಾರ್ಡಿನಲ್ಲಿ ಧ ಬರುವುದೇ ಇಲ್ಲ, ಅವು ಎಲ್ಲ ಸ್ವರ ಶುದ್ಧವಿರುವ ಬಿಲಾವಲದಲ್ಲಿ ಇದ್ದ ಹಾಗೇ ಉಳಿದವು. ಬದಲಾಗುವುದು ಮೂರೇ. ಮ-ಧ-ಸಾ ಮೇಜರ್ ಇದ್ದದ್ದು, ನಡುವಿನ ಸ್ವರ ಒಂದು ಕೀ ಇಳಿದು ಮೈನರ್ ಆಯಿತು. ಹುಡುಗ ತಪ್ಪಿದ್ದು ಇಲ್ಲೇ: ಅವನ ಎಫ್ ಮೇಜರಿನಲ್ಲಿ ಶುದ್ಧ ಧ ಇತ್ತು, ನನ್ನ ಬೆರಳು ಅದರ ಪಕ್ಕದ ಕರಿ ಕೀ ಮೇಲಿತ್ತು. ರಿ-ಮ-ಧ ಡಿಮಿನಿಶ್ಡ್ ಆಯಿತು. ಅದಕ್ಕೆ ನಿ ಸೇರಿಸಿದರೆ ನಾಲ್ಕೂ ಸ್ವರದ ನಡುವೆ ಸಮ ಅಂತರ, ಮೂರು ಮೂರು ಕೀ.

ಮೂರನೆಯದು ಧ-ಸಾ-ಗ. ಇದರ ಮೇಲೆ ನಾನು ಅರ್ಧ ಗಂಟೆ ಕಳೆದೆ. ಧ ಇಂದ ಸಾ ನಾಲ್ಕು ಕೀ, ಸಾ ಇಂದ ಗ ನಾಲ್ಕು, ಗ ಇಂದ ಮೇಲಿನ ಧ ಮತ್ತೆ ನಾಲ್ಕು. ಯಾವ ಸ್ವರದಿಂದ ಎಣಿಸಿದರೂ ಅಷ್ಟೇ. ಗಿಟಾರಿನವರು ಆಗ್ಮೆಂಟೆಡ್ ಅನ್ನೋದು ಇದನ್ನೇ. ಭಾತೆ (ಪೇಟಿಯ ಗಾಳಿ ತಿದಿ) ಹಾಕ್ತಾ ಸುಮ್ನೆ ಹಿಡಿದು ಕೂತರೆ ಕಾರ್ಡ್ ಎಲ್ಲೂ ಇಳಿಯದೆ ಗಾಳಿಯಲ್ಲಿ ನಿಂತ ಹಾಗೆ ಕೇಳುತ್ತದೆ. ಆಮೇಲೆ ಸಾ, ಗ ಎರಡೂ ಬೆರಳು ಅಲ್ಲೇ ಇಟ್ಟು ಧ ಮೇಲಿನ ಬೆರಳನ್ನು ಮಾತ್ರ ಪ ಗೆ ಜಾರಿಸಿದೆ. ಪ-ಸಾ-ಗ. ಪೂರ್ತಿ ಷಡ್ಜದ ಕಾರ್ಡ್! ಭೈರವ ಹಾಡುವಾಗ ಕೋಮಲ ಧ ಆಂದೋಲನ ಮಾಡ್ತಾ, ಅಂದರೆ ಮೆಲ್ಲಗೆ ತೂಗುತ್ತಾ, ಪಂಚಮಕ್ಕೆ ಇಳಿಯುತ್ತದಲ್ಲ, ಅದೇ ಇಳಿತ ಕಾರ್ಡಿನೊಳಗೂ ಇದೆ. ಎಷ್ಟು ಖುಷಿಯಾಯಿತು ಅಂದರೆ ಮಲಗಿದ್ದವರನ್ನು ಎಬ್ಬಿಸಿ ಕೇಳಿಸಿದೆ.

ಮರುದಿನ ಹುಡುಗನಿಗೆ ಎರಡೇ ಮಾತು ಹೇಳಿದೆ. ಮ ಬಂದರೆ ಎಫ್ ಮೈನರ್ ಹಿಡಿ. ಹಾಡುವವರು ಧ ಮೇಲೆ ಆಂದೋಲನ ಮಾಡುವಾಗ ಆ ಸ್ವರ ನೀನು ಮುಟ್ಟಬೇಡ, ಬರೀ ಸಾ-ಪ ಸಾಕು. ಕಂಠ ತೂಗುತ್ತದೆ, ಗಿಟಾರಿನ ಫ್ರೆಟ್ಟೂ ಪೇಟಿಯ ಕೀಯೂ ಇದ್ದಲ್ಲೇ ಇರುತ್ತವೆ, ಜಗಳ ಬೀಳುತ್ತದೆ. ಆಗ್ಮೆಂಟೆಡ್ ಕಾರ್ಡನ್ನು ಒಂದೇ ಮಾತ್ರೆ ಹಿಡಿದು ಬಿಡ್ತಾನೆ, ಜಾಸ್ತಿ ಆದರೆ ರಾಗ ಕೆಡುತ್ತದೆ.

ಈಗ ಇಬ್ಬರೂ ಭೈರವ ಹಿಡಿದಿದ್ದೇವೆ. ಅಲ್ಲಿ ರಿ ಕೂಡ ಕೋಮಲ, ಹಾಗಾಗಿ ಪ ಮೇಲಿನ ಮೇಜರ್ ಕಾರ್ಡ್ ಹೋಯಿತು. ಬದಲಿಗೆ ಕೋಮಲ ರಿ ಮೇಲೆ ಒಂದು ಮೇಜರ್ ಸಿಕ್ಕಿದೆ, ಅದನ್ನು ಎಲ್ಲಿ ಇಡೋದು ಅಂತ ಹುಡುಕ್ತಾ ಇದ್ದೇವೆ.