ಟೈಮ್‌ಟೇಬಲ್‌ನಲ್ಲಿ 40 ನಿಮಿಷ, ಮೈದಾನದಲ್ಲಿ ಎಷ್ಟು?

ಮಕ್ಕಳು ದಿನಾ 40 ನಿಮಿಷ ಹೊರಗಿರಲೇಬೇಕು ಎಂದು ನಿಯಮ ಬರೆಯುವುದು ಸುಲಭ. ಆ ನಿಮಿಷಗಳು ಸೋರಿಹೋಗುವುದು ಮೆಟ್ಟಿಲಲ್ಲಿ. ನಮ್ಮ ಶಾಲೆಯಲ್ಲಿ ಮೊದಲ ವಾರ ಸ್ಟಾಪ್‌ವಾಚ್ ಹಿಡಿದು ಅಳೆದೆವು: ಬೆಲ್ ಹೊಡೆದಾಗಿನಿಂದ ಕೊನೆಯ ಮಗು ಮೈದಾನಕ್ಕೆ ಕಾಲಿಡುವವರೆಗೆ 6 ನಿಮಿಷ, ವಾಪಸ್ ಬಂದು ಜಾಗದಲ್ಲಿ ಕೂರಲು 7. ಅಂದರೆ 20 ನಿಮಿಷದ ಒಂದು ಬಿಡುವಿನಲ್ಲಿ ಸಿಗುತ್ತಿದ್ದದ್ದು ಬರೀ 7 ನಿಮಿಷ. ಅಂಥ ಎರಡು ಬಿಡುವು ಸೇರಿದರೂ 14. ಹಾಗಾಗಿ ಚೂರು ಚೂರು ಬಿಡುವು ಬಿಟ್ಟು, 50 ನಿಮಿಷದ ಒಂದೇ ಪೀರಿಯಡ್ ಮಾಡಿದೆವು.

ಹೋಗಿಬರುವ ಹೊತ್ತನ್ನೂ ಇಳಿಸಬೇಕಾಯಿತು. ಎಲ್ಲ ತರಗತಿಗೂ ಒಂದೇ ಬೆಲ್ ಇದ್ದರೆ ಮೆಟ್ಟಿಲಲ್ಲಿ ಜಾಮ್ ಖಚಿತ. ನೆಲಮಹಡಿಯವರನ್ನು ಮೊದಲು, ಮೇಲಿನವರನ್ನು 3 ನಿಮಿಷ ಬಿಟ್ಟು ಇಳಿಸಿದೆವು. ನೀರಿನ ಬಾಟಲಿ, ಟೋಪಿ ಬಾಗಿಲ ಬಳಿಯ ಒಂದು ಬುಟ್ಟಿಯಲ್ಲಿ. ಅದನ್ನು ಹೊರುವುದು ಇಬ್ಬರು ಮಕ್ಕಳ ಪಾಳಿ. ಮುಂದಿನ ಪೀರಿಯಡ್‌ನ ಶಿಕ್ಷಕರು ಮೈದಾನಕ್ಕೇ ಬಂದು ತಮ್ಮ ತರಗತಿಯನ್ನು ಕರೆದೊಯ್ಯುತ್ತಾರೆ. ಇಷ್ಟಾದ ಮೇಲೆ ಹೋಗಿಬರಲು ಒಟ್ಟು 9 ನಿಮಿಷ ಸಾಕಾಯಿತು.

40 ಎಂಬ ಅಂಕಿ ಗಾಳಿಯಿಂದ ಬಂದದ್ದಲ್ಲ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯವರಿಗೆ ಶಾಲಾದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿ ಹೆಚ್ಚುವರಿಯಾಗಿ ಕೊಟ್ಟು ನೋಡಿದ್ದರು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ದೋಷ ಬಂದವರು ಆ ಗುಂಪಿನಲ್ಲಿ ಶೇ. 30.4, ಉಳಿದವರಲ್ಲಿ ಶೇ. 39.5. ಇಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಬೆಳಕು ಎನ್ನುತ್ತಾರೆ. ತರಗತಿಯೊಳಗೆ ಸಾಮಾನ್ಯವಾಗಿ 300–500 ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಮರದ ನೆರಳಲ್ಲೂ ಸಾವಿರಾರು ಲಕ್ಸ್ ಇರುತ್ತದೆ. "ಬಿಸಿಲಲ್ಲಿ ನಿಲ್ಲಿಸುತ್ತೀರಾ?" ಎಂದು ಕೇಳುವ ಪೋಷಕರಿಗೆ ಇದೇ ಉತ್ತರ: ನೆರಳೂ ಲೆಕ್ಕಕ್ಕೆ ಬರುತ್ತದೆ, ಸುಮ್ಮನೆ ಕೂತ ಮಗುವೂ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆಯ ಖಾತೆ ಬೇರೆ. ಎರಡನ್ನೂ ಬೆರೆಸಿದರೆ ಹೊರಾಂಗಣದ ಪೀರಿಯಡ್ ಮೆಲ್ಲಗೆ ಡ್ರಿಲ್ ಕ್ಲಾಸ್ ಆಗಿಬಿಡುತ್ತದೆ.

ಬಿಸಿಲಿಗೆ ನಾವು ಬಳಸುವ ಅಳತೆಗೋಲು ನೆರಳೇ. ಮಗುವಿನ ನೆರಳು ಅದರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಟೋಪಿ, ಮರದಡಿ. ಹನಿ ಮಳೆಗೆ ಒಳಗೆ ಓಡುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಎಲ್ಲರೂ ಒಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಯಾರೂ ಹೊರಗಿಲ್ಲ.

ಸಾಮಾನು ಹೆಚ್ಚು ಬೇಕಿಲ್ಲ, ಆದರೆ ಒಂದೇ ಫುಟ್‌ಬಾಲ್ ಕೊಟ್ಟು ಕೈತೊಳೆದುಕೊಂಡರೆ ಹತ್ತು ಜನ ಇಡೀ ಮೈದಾನ ಹಿಡಿಯುತ್ತಾರೆ, ಉಳಿದವರು ಗೋಡೆಗೆ ಒರಗುತ್ತಾರೆ. 40 ಮಕ್ಕಳಿಗೆ ಮೆತ್ತನೆಯ ಚೆಂಡು 4, ಸ್ಕಿಪ್ಪಿಂಗ್ ಹಗ್ಗ 8, ರಿಂಗ್ 6, ಒಂದು ಡಬ್ಬಿ ಸೀಮೆಸುಣ್ಣ. ಸುಣ್ಣದ ಗೆರೆ ಎಳೆದು ಓಡುವ ಜಾಗ, ಚೆಂಡಿನ ಜಾಗ, ಕೂರುವ ಜಾಗ ಬೇರೆ ಮಾಡಿ. ಗಾಲಿಕುರ್ಚಿ ಬಳಸುವ ಮಗುವಿಗೆ ಗಟ್ಟಿ ನೆಲದ ದಾರಿ ಮೂರೂ ಕಡೆಗೆ ಇರಬೇಕು. ಮೇಲ್ವಿಚಾರಣೆಗೆ ಜಾಗಕ್ಕೊಬ್ಬರು. ಶಿಕ್ಷಕರು ಒಟ್ಟಿಗೆ ನಿಂತು ಮಾತಿಗಿಳಿದರೆ ಶೌಚಾಲಯದ ಹಿಂದಿನ ಮೂಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜಗಳ ಶುರುವಾಗುವುದು ಅಲ್ಲೇ.

ಈ ಪೀರಿಯಡ್ ಊಟಕ್ಕೆ ಮೊದಲೇ ಇರಲಿ. ಊಟ ಮೊದಲಾದರೆ ಆಟದ ಆತುರಕ್ಕೆ ಅರ್ಧ ತಟ್ಟೆ ಬಿಟ್ಟು ಓಡುತ್ತಾರೆ. ಕೈತೊಳೆಯುವ ಲೆಕ್ಕ ಮಾತ್ರ ಮರೆಯಬೇಡಿ: 40 ಮಕ್ಕಳು, 4 ನಲ್ಲಿ, ತಲಾ 20 ಸೆಕೆಂಡ್ ಎಂದರೆ 200 ಸೆಕೆಂಡ್, ನೂಕಾಟ ಸೇರಿದರೆ 5 ನಿಮಿಷ.

ಅತಿ ದೊಡ್ಡ ಸೋರಿಕೆ ಮಾತ್ರ ಮೆಟ್ಟಿಲಲ್ಲ, ಮಳೆಯಲ್ಲ. ಹೋಮ್‌ವರ್ಕ್ ಮುಗಿಸದವರನ್ನು ಒಳಗೇ ಕೂರಿಸುವ ಅಭ್ಯಾಸ. ಕೂರುವವರು ದಿನವೂ ಅದೇ ನಾಲ್ಕೈದು ಮಕ್ಕಳು. ಹೊರಗೆ ಹೋಗುವ ನಿಯಮಕ್ಕೆ ಇಂಥ ವಿನಾಯಿತಿ ಇಡಲೇಬಾರದು. ಅದಕ್ಕೇ ರಿಜಿಸ್ಟರ್‌ನಲ್ಲಿ ಮೂರು ಕಾಲಂ ಹಾಕಿದ್ದೇವೆ: ನಿಜವಾಗಿ ಹೊರಗಿದ್ದ ನಿಮಿಷ, ಒಳಗೆ ಉಳಿದ ಮಕ್ಕಳ ಸಂಖ್ಯೆ, ಉಳಿಸಿಕೊಂಡ ಶಿಕ್ಷಕರ ಸಹಿ. ಮೂರನೆಯ ಕಾಲಂ ಬಂದ ಮೇಲೆ ಎರಡನೆಯದು ಬಹುತೇಕ ಖಾಲಿ.